ಎರಡು ಗೆರೆಗಳ ನಡುವೆ

ಸೀದ ವಾಸನೆ, ವಾರ್ನಿಷ್, ಅಲ್ಲ ಅಲ್ಲ, ಒಳಗೆ ಸಿದ್ದಗಂಗಮ್ಮ ಮಜ್ಜಿಗೆಗೆ ಒಗ್ಗರಣೆ ಹಾಕುತ್ತಿದ್ದಾಳೆ ಅಷ್ಟೆ, ಆದರೂ ಪಟ್ಟಾಭಿರಾಮನಿಗೆ ಕುಣಿಗಲ್ಲಿನಲ್ಲಿ ಬಸ್ಸಿಳಿದಾಗಿನಿಂದ ಮೂಗಿನಲ್ಲಿ ಅದೇ, ಅಂತರಸನಹಳ್ಳಿ ಕಾರ್ಖಾನೆಯ ಒಲೆಯದು, ಮೋಟಾರಿನ ತಾಮ್ರದ ಸುರುಳಿಗೆ ವಾರ್ನಿಷ್ ಬಳಿದು ಒಣಗಿಸುವ ಒಲೆ — ಎದುರಿಗೆ ಜಗಲಿಯ ಮೇಲೆ ಆ ಒಲೆಯ ಕೆಲಸಗಾರ, ಸಿದ್ದಗಂಗಮ್ಮನ ಗಂಡ ಕೆಂಪಯ್ಯ, ಸುಟ್ಟ ಬಲಗೈಯನ್ನು ಎಳೆಗೂಸಿನಂತೆ ದಿಂಬಿನ ಮೇಲೆ ಮಲಗಿಸಿಕೊಂಡು ಕೂತಿದ್ದಾನೆ, ಕಟ್ಟಿನಿಂದ ಎರಡು ಬೆರಳು ಮಾತ್ರ ಹೊರಗೆ ಚಾಚಿವೆ, ನಡುವೆ ಬಿಳಿ ಬಟ್ಟೆಯ ಮಡಿಕೆ. ಪ್ರೋಗ್ರಾಮ್ ಬರೆಯೋರು ನಮ್ಮನೆಗೆ ಬಂದವ್ರೆ ಅಂತ ನಮ್ಮೋಳ್ಗೆ ಕೈಕಾಲೇ ಆಡ್ತಿಲ್ಲ ನೋಡಿ ಸಾರ್, ನಂಗೆ ಕೈ ಒಂದೇ ಆಡ್ತಿಲ್ಲ, ನಗುತ್ತಾನೆ, ನಗಬೇಡವೋ ಮಾರಾಯ.

ತಾನು ಬರೆದ ಒಲೆಯ ಪ್ರೋಗ್ರಾಮಿನಲ್ಲಿ ಎರಡು ಮೈನಸ್, ಅಷ್ಟೇ. ಎರಡೂ ಅಂಟಿಕೊಂಡಿದ್ದರೆ ಒಲೆ ಉರಿಯಬೇಕಾದ ನಿಮಿಷಗಳ ಎಣಿಕೆ ಒಂದೊಂದೇ ಇಳಿದು ಸೊನ್ನೆ ಮುಟ್ಟುತ್ತದೆ, ಒಲೆ ಆರುತ್ತದೆ, ಕೆಂಪು ದೀಪ ಹೋಗಿ ಹಸಿರು ಬರುತ್ತದೆ. ನಡುವೆ ಕೂದಲೆಳೆಯಷ್ಟು ಜಾಗ ಬಿದ್ದರೆ ಒಂದು ಮೈನಸ್ಸನ್ನು ಇನ್ನೊಂದು ನುಂಗಿ ಎಣಿಕೆ ನಿಂತಲ್ಲೇ ನಿಲ್ಲುತ್ತದೆ, ಒಲೆ ಕಾಯುತ್ತಲೇ ಇರುತ್ತದೆ. ಮ್ಯಾಕ್ರೋ ಎಂಬ ಸಂಕ್ಷೇಪದ ಸಾಲಿನಲ್ಲಿ ಅವೆರಡರ ನಡುವೆ ಏನೂ ಬರೆಯದ ಖಾಲಿ ಕಾಮೆಂಟು, ಅಂದರೆ ಟಿಪ್ಪಣಿ, ಹಾಕಿ ಜೋಡಿಸಿದ್ದ, ಎಂಬತ್ತೈದರಲ್ಲಿ ಎಲ್ಲರೂ ಹಾಗೇ, ಬರೆದದ್ದನ್ನು ಮಿಷನ್ನಿನ ಭಾಷೆಗೆ ತಿರುಗಿಸುವ ಹಳೆಯ ಸಿ ಕಂಪೈಲರ್ ಕಾಮೆಂಟನ್ನು ಗುರುತೂ ಉಳಿಯದಂತೆ ಅಳಿಸಿ ಅತ್ತಿತ್ತಲಿನದನ್ನು ಅಂಟಿಸುತ್ತಿತ್ತು, ಈ ವರ್ಷ ಬೆಂಗಳೂರಿನಿಂದ ಫ್ಲಾಪಿಯಲ್ಲಿ ಬಂದ ಹೊಸದು ಅಳಿಸಿದ ಕಡೆ ಒಂದು ಖಾಲಿ ಜಾಗ ಬಿಡುತ್ತದೆ, ಅಂಟಬೇಕಾದರೆ ನಡುವೆ ಎರಡು ಹ್ಯಾಶ್ ಗುರುತು ಬರೆಯಬೇಕು, ಹಳೆಯದಕ್ಕೆ ಆ ಹ್ಯಾಶ್ ಗೊತ್ತೇ ಇಲ್ಲ, ಇದನ್ನೆಲ್ಲ ಓದಿಯೂ ಇದ್ದ, ಓದಿ, ಆಮೇಲೆ ನೋಡಿಕೊಂಡರಾಯಿತು ಅಂದಿದ್ದ — ಹೊಸ ಕಂಪೈಲರ್ ಒಂದೂ ತಪ್ಪು ತೋರಿಸಲಿಲ್ಲ, ಗುಬ್ಬಿಯಲ್ಲಿ ತಂಗಿ ಶಾರದಳ ನಿಶ್ಚಿತಾರ್ಥ, ಬಸ್ಸಿಗೆ ಹೊತ್ತಾಗಿತ್ತು, ಪ್ರೋಗ್ರಾಮ್ ಬದಲಾದಾಗ ಖಾಲಿ ಒಲೆ ಉರಿಸಿ ನೋಡುವುದು ರೂಢಿ, ಅದನ್ನು ಬಿಟ್ಟು ಹೊರಟ. ಅವನು ಎಲೆಯ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಅತ್ತ ಕಾರ್ಖಾನೆಯಲ್ಲಿ ಸುರುಳಿ ಸೀಯುತ್ತಿತ್ತು, ಹಸಿರು ದೀಪ ಬರಲಿಲ್ಲ, ಬರುವಂತೆಯೇ ಇರಲಿಲ್ಲ, ಸುರುಳಿ ಉಳಿಸಲು ಕೆಂಪಯ್ಯ ಬಾಗಿಲು ತೆಗೆದು ಟ್ರೇ ಎಳೆದ, ಕೈ ಸುಟ್ಟುಕೊಂಡ. ಕೆಂಪು ದೀಪ ಉರೀತಿರುವಾಗ ಬಾಗಿಲು ತೆಗೆದಿದಾನೆ ಕಣಯ್ಯಾ, ಕುಡಿದಿದ್ನೋ ಏನೋ, ಅಂದರು ಮ್ಯಾನೇಜರ್ ಸೀತಾರಾಮಯ್ಯ, ಪಟ್ಟಾಭಿರಾಮ ತಲೆಯಾಡಿಸಿದ, ಆಡಿಸಿದೆನೇ? ಆಡಿಸಿದ. ಮಾರನೆಯ ದಿನ ಹ್ಯಾಶ್ ಹಾಕಿದ, ಹಸಿರು ಬಂತು, ಯಾರೂ ಕೇಳಲಿಲ್ಲ.

ಕುಡೀರಿ ಸ್ವಾಮಿ, ಸಿದ್ದಗಂಗಮ್ಮ ಮಜ್ಜಿಗೆ ಲೋಟ ಕೊಟ್ಟಳು, ಉಪ್ಪು ಸಾಕಾ? ಸಾಕಮ್ಮ. ನಂದೇ ತಪ್ಪು ಬುಡಿ ಸಾರ್, ಅಂದ ಕೆಂಪಯ್ಯ, ಮಿಷನ್ ಸುಳ್ಳು ಹೇಳ್ತದಾ, ನಾಳೆ ಸಾಹೇಬ್ರು ಕರೆಸವ್ರೆ, ಕೆಲಸದಿಂದ ತೆಗೀತಾರಂತೆ, ನೀವೊಂದ್ ಮಾತು ಹೇಳಿದ್ರೆ ಕೇಳ್ತಾರೆ — ಒಂದು ಮಾತು, ಹೌದು, ಒಂದೇ ಮಾತು, ಅದನ್ನಾಡಿದರೆ ಇವನ ಕೆಲಸ ಉಳಿಯುತ್ತದೆ, ತನ್ನದು? ಕೆಂಪಯ್ಯಾ, ಅಂದ. ಏನ್ಸಾರ್? ಲೋಟ ಕೆಳಗಿಟ್ಟ. ಸಿದ್ದಗಂಗಮ್ಮ ಗಂಡನ ಪಕ್ಕ ಕೂತು ಬೆರಳುಗಳ ನಡುವಿನ ಹಳೆಯ ಮಡಿಕೆ ತೆಗೆದು ಹೊಸ ಬಟ್ಟೆ ಇಡುತ್ತಿದ್ದಾಳೆ, ಒಂದಕ್ಕೊಂದು ಅಂಟ್ಕಂಡ್ರೆ ಕೈಯೇ ಹೋಯ್ತದೆ ಅಂದವ್ರೆ ಸ್ವಾಮಿ ಡಾಕ್ಟ್ರು, ಮಧ್ಯೆ ಜಾಗ ಇರ್ಲೇಬೇಕಂತೆ, ಹೇಳಿ ಸಾರ್, ಅನ್ನುತ್ತಾನೆ ಕೆಂಪಯ್ಯ, ಏನೋ ಹೇಳಕ್ಕೆ ಬಂದ್ರಿ, ಹೇಳಬೇಕು, ಈಗಲೇ, ನಾಳೆ ಅಲ್ಲ, ಬಾಯಿ ತೆರೆದೇ ಇದೆ, ದಿಂಬಿನ ಮೇಲೆ ಎರಡು ಬೆರಳು, ಎರಡು ಮೈನಸ್ ಗೆರೆ, ನಡುವೆ ಬಿಳಿ ಜಾಗ, ಎರಡು ಬೆರಳು, ನಡುವೆ