ಪರದೆಯ ಕೆಳಗಿನ ಎರಡು ಕಾಲು

ಅಕ್ಕೂರಿನ ಪುಟ್ಟಸ್ವಾಮಿ ತನ್ನ ಜೀವನದಲ್ಲಿ ವೇದಿಕೆಯ ಮೇಲೆ ಗಿಟಾರ್ ನುಡಿಸಿದ್ದು ಒಂದೇ ಒಂದು ಸಲ. ಆ ಒಂದು ಸಲವೂ ಅವನು ನುಡಿಸಿರಲಿಲ್ಲ ಎಂಬುದು ಬೇರೆ ಮಾತು.

ಎಂಬತ್ತೆಂಟನೇ ಇಸವಿ. ಚನ್ನಪಟ್ಟಣದ ಕಾಲೇಜು ಮೈದಾನದಲ್ಲಿ ‘ಥಂಡರ್ ರಾಕರ್ಸ್’ ಎಂಬ ತಂಡ ತನ್ನ ಮೊದಲ ಮತ್ತು ಕೊನೆಯ ಕಾರ್ಯಕ್ರಮ ಕೊಟ್ಟಿತು. ಹಾಡುಗಾರ ನಾಗರಾಜು ಇಂಗ್ಲಿಷ್ ಹಾಡುಗಳನ್ನು ಕ್ಯಾಸೆಟ್ ಕೇಳಿ ಕೇಳಿ ಬಾಯಿಪಾಠ ಮಾಡಿದ್ದ. ಅರ್ಥ ಅವನಿಗೂ ಗೊತ್ತಿರಲಿಲ್ಲ, ಕೇಳಲು ಬಂದವರಿಗೂ ಗೊತ್ತಿರಲಿಲ್ಲ, ಹಾಗಾಗಿ ಯಾರಿಗೂ ಮೋಸವಾಗಲಿಲ್ಲ. ಡ್ರಮ್ಸ್ ಬಾರಿಸಲು ಬ್ಯಾಂಡ್‌ಸೆಟ್ಟಿನವನೊಬ್ಬ ಸಿಕ್ಕಿದ. ಸಿಗದೆ ಹೋದದ್ದು ಗಿಟಾರ್ ಒಂದೇ. ಗಿಟಾರ್ ಇಲ್ಲದ ರಾಕ್ ತಂಡವನ್ನು ಯಾರು ತಾನೆ ನಂಬುತ್ತಾರೆ? ಬೊಂಬೆ ಮಾಡುವ ಆಫ್ತಾಬ್ ಸಾಹೇಬರು ಹಾಲೆಮರದಲ್ಲಿ ಒಂದು ಗಿಟಾರ್ ಕಡೆದು, ಕೆಂಪು ಹಳದಿ ಅರಗು ಹಚ್ಚಿ, ಮುಖ ಕಾಣುವ ಹಾಗೆ ಉಜ್ಜಿ ಕೊಟ್ಟರು. ಸದ್ದು ಬರುವುದೊಂದನ್ನು ಬಿಟ್ಟು ಗಿಟಾರಿಗೆ ಇರಬೇಕಾದ ಎಲ್ಲ ಲಕ್ಷಣಗಳೂ ಅದಕ್ಕಿದ್ದವು. ತಂಡದಲ್ಲಿ ಭುಜದವರೆಗೆ ಕೂದಲು ಬಿಟ್ಟಿದ್ದವನು ಪುಟ್ಟಸ್ವಾಮಿ ಒಬ್ಬನೇ. ಗಿಟಾರನ್ನು ಅವನ ಕೊರಳಿಗೆ ಹಾಕಿದರು.

ಸದ್ದು ಬಂದದ್ದು ಹಿಂದಿನಿಂದ. ವೇದಿಕೆಯ ಹಿಂದೆ ಕಟ್ಟಿದ್ದ ಶಾಮಿಯಾನದ ಬಟ್ಟೆಯ ಮರೆಯಲ್ಲಿ ಕೀಬೋರ್ಡ್ ಇಟ್ಟುಕೊಂಡು, ಅದರಲ್ಲಿ ಗಿಟಾರಿನ ಸದ್ದು ಹೊರಡಿಸುತ್ತ ಕುಳಿತಿದ್ದವನು ರಾಮನಗರದ ಅಮೀರ್. ಅವನ ತಂದೆಗೆ ರೇಷ್ಮೆ ನೂಲು ಬಿಚ್ಚುವ ಘಟಕವಿತ್ತು, ಜೊತೆಗೆ ಕೆಟ್ಟ ಕೋಪವೂ ಇತ್ತು. ಮಗನ ಮುಖ ವೇದಿಕೆಯ ಮೇಲೆ ಕಂಡದ್ದೇ ಆದರೆ ಮನೆ ಬಾಗಿಲು ಮುಚ್ಚಿತೆಂದೇ ತಿಳಿ ಎಂದಿದ್ದರು. ಆ ಸಂಜೆ ಅಮೀರ್ ನುಡಿಸಿದ, ಪುಟ್ಟಸ್ವಾಮಿ ಕೂದಲು ಕುಣಿಸಿದ. ಚಪ್ಪಾಳೆ ಬಿದ್ದದ್ದು ಕೂದಲಿಗೆ.

“ಮುಂದಿನ ಪ್ರೋಗ್ರಾಮ್‌ಗೆ ನಿನ್ನ ಮುಂದ್ಗಡೆ ಕೂರಿಸ್ತೀನಿ ಕಣ್ಲಾ ಅಮೀರ, ನಿಮ್ಮಪ್ಪಂಗೆ ನಾನೇ ಹೇಳ್ತೀನಿ,” ಎಂದು ಪುಟ್ಟಸ್ವಾಮಿ ಅವನ ಹೆಗಲ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಮುಂದಿನ ಪ್ರೋಗ್ರಾಮ್ ಆಗಲೇ ಇಲ್ಲ.

ಆದರೆ ಒಂದು ಪ್ರೋಗ್ರಾಮಿನಲ್ಲಿ ಎಷ್ಟು ವರ್ಷ ಬದುಕಬಹುದು ಎಂಬುದನ್ನು ಪುಟ್ಟಸ್ವಾಮಿಯಿಂದ ಕಲಿಯಬೇಕು. ಅವನು ‘ಗಿಟಾರ್ ಪುಟ್ಟಸ್ವಾಮಿ’ಯಾದ. ಹುಡುಗ ಹೆಸರುವಾಸಿ ಎಂದು ಕಾವೇರಮ್ಮನ ತಂದೆ ಹೆಣ್ಣು ಕೊಟ್ಟರು. ಹಾಲಿನ ಸೊಸೈಟಿ ಚುನಾವಣೆಯಲ್ಲಿ ಅವನ ಗುರುತು ಗಿಟಾರ್, ಗೆದ್ದೂಬಿಟ್ಟ. ತಾಲ್ಲೂಕಿನ ಯಾವ ಸಮಾರಂಭವಿದ್ದರೂ ಅವನಿಗೊಂದು ಶಾಲು ಎತ್ತಿಟ್ಟಿರುತ್ತಿದ್ದರು. ಒಸಿ ನುಡಿಸಿ ಎಂದು ಯಾರಾದರೂ ಕೇಳಿದರೆ ಎಡಗೈಯನ್ನು ನೋವಿನಿಂದ ನೋಡಿಕೊಳ್ಳುತ್ತಿದ್ದ. ಆವತ್ತು ನುಡಿಸಿದ ರಭಸಕ್ಕೆ ನರ ಸೆಳೆದುಕೊಂಡದ್ದು ಇನ್ನೂ ಬಿಟ್ಟಿಲ್ಲ ಎನ್ನುತ್ತಿದ್ದ. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಅರಗಿನ ಗಿಟಾರ್ ಅವನ ಮನೆಯ ನಡುಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಂತಿತ್ತು. ಅದನ್ನು ಮುಟ್ಟುವ ಅಧಿಕಾರ ಕಾವೇರಮ್ಮನಿಗೆ ಮಾತ್ರ, ಅದೂ ದೂಳು ಒರೆಸಲು.

ನಾಗರಾಜು ತೀರಿಕೊಂಡ. ಡ್ರಮ್ಸಿನವನೂ ತೀರಿಕೊಂಡ. ಇಬ್ಬರ ಮಣ್ಣಿಗೂ ಹೋಗಿ ನಿಜವಾಗಿಯೇ ಅತ್ತ ಪುಟ್ಟಸ್ವಾಮಿಗೆ, ವಾಪಸು ಬರುವ ದಾರಿಯಲ್ಲಿ ಎರಡೂ ಸಲ ಎದೆ ಸ್ವಲ್ಪ ಹಗುರವಾದದ್ದಕ್ಕೆ ನಾಚಿಕೆಯಾಗಿತ್ತು. ಅಮೀರನ ತಂದೆ ಹೋಗಿಯೂ ಇಪ್ಪತ್ತು ವರ್ಷವಾಗಿತ್ತು. ಮರೆಯಲ್ಲಿ ಕೂರಲು ಅಮೀರನಿಗೆ ಇನ್ನು ಕಾರಣವಿರಲಿಲ್ಲ. ಆದರೂ ಅವನು ಊರಿನವರೆದುರು ಎಂದೂ ಬಾಯಿ ಬಿಡಲಿಲ್ಲ, ಪುಟ್ಟಸ್ವಾಮಿಯೂ ಕರೆಯಲಿಲ್ಲ.

ಹೀಗೆ ಎಲ್ಲವೂ ನೆಟ್ಟಗೆ ನಡೆಯುತ್ತಿರುವಾಗ ಚನ್ನಪಟ್ಟಣದಲ್ಲಿ ಸ್ಟುಡಿಯೊ ಇಟ್ಟಿರುವ ಸಾನಾಳಿಗೆ ಅಟ್ಟದ ಮೇಲೆ ಒಂದು ವಿಡಿಯೊ ಕ್ಯಾಸೆಟ್ ಸಿಕ್ಕಿತು. ಅವಳ ತಂದೆ ಮದುವೆ ವಿಡಿಯೊ ತೆಗೆಯುತ್ತಿದ್ದವರು. ಆವತ್ತು ಮೈದಾನದಲ್ಲಿ ಕ್ಯಾಮೆರಾ ಹಿಡಿದು ನಿಂತದ್ದು ಅವರೇ. ಸಾನಾ ಬೂಷ್ಟು ಹಿಡಿದ ಟೇಪನ್ನು ಒರೆಸಿ, ಕಂಪ್ಯೂಟರಿಗೆ ಇಳಿಸಿ, ಎರಡು ತಿಂಗಳು ಕುಳಿತು ಒಂದೊಂದೇ ಚಿತ್ರವನ್ನು ತೊಳೆದಳು. ಇಪ್ಪತ್ತು ಸೆಕೆಂಡಿನ ತುಣುಕೊಂದನ್ನು ಎಲ್ಲರ ಫೋನಿಗೂ ಹರಿಬಿಟ್ಟಳು. ಇಡೀ ಜಿಲ್ಲೆ ಎದ್ದು ಕುಳಿತಿತು.

ಮೊದಲು ಓಡಿ ಬಂದವರು ‘ಪರಂಪರೆ ಉಳಿಸಿ’ ಸಮಿತಿಯ ಅಧ್ಯಕ್ಷ ದೇವರಾಜು. ಸಮುದಾಯ ಭವನದಲ್ಲಿ ಭರ್ಜರಿ ಪ್ರದರ್ಶನ ಇಟ್ಟುಕೊಳ್ಳೋಣ ಎಂದರು. ಪೂರ್ತಿ ಚಿತ್ರವನ್ನು ಎರಡು ಸಲ ನೋಡಿದ ಮೇಲೆ ಅವರ ಮುಖ ಸಣ್ಣದಾಯಿತು.

“ಜನ ಎಲ್ಲಮ್ಮ?” ಎಂದರು.

“ಎಣಿಸಿದ್ದೀನಿ ಸಾರ್. ಅರವತ್ಮೂರು ಜನ, ನಾಲ್ಕು ಮೇಕೆ, ಒಬ್ಬರು ಪೊಲೀಸ್. ಪೊಲೀಸ್ ನಿದ್ದೆ ಮಾಡ್ತಾ ಇದಾರೆ.”

ಇದು ನಿಜಕ್ಕೂ ಇಕ್ಕಟ್ಟಿನ ಸಂಗತಿ. ಆವತ್ತು ಮೈದಾನದಲ್ಲಿದ್ದೆವು ಎಂದು ಮೂವತ್ತೇಳು ವರ್ಷದಿಂದ ಹೇಳಿಕೊಂಡು ಬಂದವರನ್ನೆಲ್ಲ ನಿಲ್ಲಿಸಿದರೆ ಸಾಲು ಮದ್ದೂರು ಮುಟ್ಟುತ್ತಿತ್ತು. ಸ್ವತಃ ದೇವರಾಜು, ಮೊದಲನೇ ಸಾಲಿನಲ್ಲಿ ಕೂತು ಶಿಳ್ಳೆ ಹೊಡೆದದ್ದನ್ನು ಎಷ್ಟೋ ಭಾಷಣಗಳಲ್ಲಿ ಹೇಳಿದ್ದರು. ಆಗ ಅವರಿಗೆ ಒಂಬತ್ತು ವರ್ಷ, ಇದ್ದದ್ದು ಉಯ್ಯಂಬಳ್ಳಿಯ ಅಜ್ಜಿ ಮನೆಯಲ್ಲಿ.

“ಕಂಪ್ಯೂಟರ್ನಾಗೆ ಎಲ್ಲ ಆಯ್ತದಂತಲ್ಲ. ಒಸಿ ಜನ ತುಂಬ್ಸಮ್ಮ. ನನ್ನ ಫೋಟೊ ಕಳಿಸ್ತೀನಿ.”

ಒಬ್ಬರನ್ನು ಸೇರಿಸಿದ ಮೇಲೆ ಇನ್ನೊಬ್ಬರಿಗೆ ಇಲ್ಲವೆನ್ನಲು ಸಾನಾಳಿಂದ ಆಗಲಿಲ್ಲ. ಮಾಗಡಿಯಿಂದ, ಕನಕಪುರದಿಂದಲೂ ಫೋಟೊಗಳು ಬಂದವು. ಒಬ್ಬರು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿ ಎಂದರು, ಇನ್ನೊಬ್ಬರು ತಮ್ಮ ದಾಯಾದಿಯ ಮುಂದೆ ಕೂರಿಸಿ ಎಂದರು. ದೇವರಾಜು ಮೊದಲ ಸಾಲಿನ ನಡುವೆ ಬಿಳಿ ಮೀಸೆ, ಚಿನ್ನದ ಗಡಿಯಾರ ಸಮೇತ ಕುಳಿತರು. ಮೇಕೆಗಳನ್ನು ಅಳಿಸಲಾಯಿತು. ಪೊಲೀಸಿನವರನ್ನು ಎಬ್ಬಿಸಲಾಯಿತು.

ಪುಟ್ಟಸ್ವಾಮಿಯನ್ನು ಸಾನಾ ಕೊನೆಗೆ ಕರೆಸಿದಳು. ಪರದೆಯ ಮೇಲೆ ಇಪ್ಪತ್ತನಾಲ್ಕರ ಪುಟ್ಟಸ್ವಾಮಿ ಕೂದಲು ಬೀಸುತ್ತಿದ್ದ, ಅರಗಿನ ಬಣ್ಣ ಆಗತಾನೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ತನ್ನನ್ನು ತಾನೇ ಕಂಡು ಅವನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಎಷ್ಟು ಚೆಂದವಿದ್ದೆ ಎಂದುಕೊಂಡ.

“ಅಂಕಲ್, ಒಂದೇ ಒಂದು ಡೌಟು,” ಎಂದು ಸಾನಾ ಚಿತ್ರವನ್ನು ನಿಲ್ಲಿಸಿದಳು. “ಹಿಂದಿನ ಬಟ್ಟೆ ನೆಲ ಮುಟ್ಟಿಲ್ಲ ನೋಡಿ. ಕೆಳಗೆ ಎರಡು ಕಾಲು ಕಾಣಿಸ್ತಾ ಇವೆ. ಮೊದಲು ಕೊಳೆ ಅಂದ್ಕೊಂಡೆ, ತೊಳೆದ ಮೇಲೆ ಕಾಲು ಅಂತ ಗೊತ್ತಾಯ್ತು. ಹವಾಯಿ ಚಪ್ಪಲಿ, ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ. ಹಾಡು ಪೂರ್ತಿ ತಾಳ ಹಾಕ್ತಾನೇ ಇದಾರೆ. ಯಾರಿದು?”

ಪುಟ್ಟಸ್ವಾಮಿಗೆ ಆ ಬಟ್ಟೆ ಸುತ್ತಿದ ಹೆಬ್ಬೆರಳು ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನ ರೇಷ್ಮೆಗೂಡು ಬೇಯಿಸುವ ನೀರು ಚೆಲ್ಲಿ ಸುಟ್ಟದ್ದು. ಅದನ್ನು ಕಟ್ಟಿದ್ದೇ ಅವನು.

“ಯಾರೋ ಕರೆಂಟ್ನೋನು ಇರ್ಬೇಕು,” ಎಂದ. “ಅಸಹ್ಯವಾಗಿ ಕಾಣ್ತದೆ ಕಣವ್ವ. ಒರೆಸಾಕ್ಬುಡು.”

ಊರಿನವರೆಲ್ಲ ಸೇರಿಸು ಎಂದು ಬಂದಿದ್ದರು. ತೆಗೆದುಹಾಕು ಎಂದವನು ಇವನೊಬ್ಬನೇ. ಸಾನಾ ಮರುಮಾತಾಡದೆ ಕಾಲುಗಳ ಜಾಗದಲ್ಲಿ ಕೆಂಪು ಹೂ ಬಿಟ್ಟ ಒಂದು ಹೂಕುಂಡ ಕೂರಿಸಿದಳು. ಚಂದವಾಗಿಯೇ ಇತ್ತು.

ಪ್ರದರ್ಶನಕ್ಕೆ ಮೂರು ದಿನ ಇರುವಾಗ ಅಮೀರನ ಫೋನು ಬಂತು.

“ಲೇ ಪುಟ್ಟ, ಮೊಮ್ಮಗಳು ಫೋನಲ್ಲಿ ತೋರಿಸಿದ್ಲು ಕಣ್ಲಾ. ನನ್ನ ಕಾಲು ಕಾಣ್ತೈತೆ.” ಅಮೀರ್ ನಗುತ್ತಿದ್ದ. “ಬೆರಳಿಗೆ ನೀನು ಕಟ್ಟಿದ ಬಟ್ಟೆನೂ ಐತೆ. ನಮ್ಮಪ್ಪ ಮುಖ ತೋರಿಸ್ಬೇಡ ಅಂದಿದ್ರು, ಕಾಲಿಗೆ ಏನೂ ಹೇಳಿರ್ಲಿಲ್ಲ. ಭಾನುವಾರ ಎಲ್ಲರನ್ನೂ ಕರ್ಕೊಂಡು ಬತ್ತೀನಿ. ಇಷ್ಟು ವರ್ಷ ನಾನು ಹೇಳಿದ್ರೆ ಮನೇಲಿ ಯಾರೂ ನಂಬ್ತಾ ಇರ್ಲಿಲ್ಲ.”

“ಬಾರ್ಲಾ, ಬಾ,” ಎಂದ ಪುಟ್ಟಸ್ವಾಮಿ.

ಫೋನಿಟ್ಟವನೇ ಸಾನಾಳ ನಂಬರ್ ತೆಗೆದ. ಒಂದು ಮಾತು ಹೇಳಿದ್ದರೆ ಅವಳು ಕಾಲುಗಳನ್ನು ವಾಪಸು ಇಡುತ್ತಿದ್ದಳು. ಅಷ್ಟರಲ್ಲಿ ದೇವರಾಜು ಫೋನ್ ಮಾಡಿ, ಭಾನುವಾರ ‘ಗಿಟಾರ್ ಮಾಂತ್ರಿಕ’ ಎಂಬ ಬಿರುದು ಕೊಡಲು ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ ಎಂದರು. ಆಮೇಲೆ ಮಾಡೋಣ ಎಂದುಕೊಂಡ ಪುಟ್ಟಸ್ವಾಮಿ ಆಮೇಲೆ ಮಾಡಲಿಲ್ಲ. ಮೂರು ದಿನ ಅವನಿಗೆ ಮುದ್ದೆ ಇಳಿಯಲಿಲ್ಲ. ಬಿರುದಿನ ಸಂತೋಷಕ್ಕೆ ಹಸಿವು ಸತ್ತಿದೆ ಎಂದು ಕಾವೇರಮ್ಮ ನೆರೆಯವರಿಗೆಲ್ಲ ಹೇಳಿದಳು.

ಭಾನುವಾರ ಮಧ್ಯಾಹ್ನ ಭವನ ತುಂಬಿತ್ತು. ದೀಪ ಆರಿ ಚಿತ್ರ ಶುರುವಾದದ್ದೇ ತಡ, ಜನ ತಮ್ಮನ್ನು ತಾವೇ ಹುಡುಕಿಕೊಳ್ಳತೊಡಗಿದರು. ಅಗೋ ನಾನು, ಅಲ್ಲಿ ಕಂಬದ ಪಕ್ಕ ನಾನು ಎಂಬ ಗದ್ದಲದಲ್ಲಿ ನಾಗರಾಜುವಿನ ದನಿ ಮುಳುಗಿಹೋಯಿತು. ದೇವರಾಜು ತಾವು ಶಿಳ್ಳೆ ಹೊಡೆಯುವ ದೃಶ್ಯಕ್ಕೆ ತಾವೇ ಶಿಳ್ಳೆ ಹೊಡೆದರು. ಚಿತ್ರದಲ್ಲಿ ವೇದಿಕೆಯ ಮೇಲೆ ಏನು ನಡೆಯುತ್ತಿದೆ ಎಂದು ನೋಡುತ್ತಿದ್ದವರು ಇಡೀ ಭವನದಲ್ಲಿ ನಾಲ್ಕನೇ ಸಾಲಿನ ಮೂವರು ಮಾತ್ರ.

ಅಲ್ಲಿ ಅಮೀರ್ ಕುಳಿತಿದ್ದ. ಪಕ್ಕದಲ್ಲಿ ಹೆಂಡತಿ ರೋಶನ್ ಬೀ, ಮೊಮ್ಮಗಳು ಯಾಸ್ಮಿನ್. ಮೂವರೂ ಹಬ್ಬದ ಬಟ್ಟೆ ತೊಟ್ಟಿದ್ದರು. ಮೂವರ ಕಣ್ಣುಗಳೂ ಪರದೆಯ ಕೆಳಗಿನ ಅಂಚಿನಲ್ಲಿದ್ದವು. ಅಲ್ಲಿ ಹೂಕುಂಡ ಅರಳಿ ನಿಂತಿತ್ತು.

“ದಾದಾ, ಕಾಲೆಲ್ಲಿ?” ಎಂದು ಯಾಸ್ಮಿನ್ ಕೇಳಿದ್ದು ಮುಂದೆ ಕುಳಿತಿದ್ದ ಪುಟ್ಟಸ್ವಾಮಿಗೂ ಕೇಳಿಸಿತು. ಅವನು ತಿರುಗಿ ನೋಡಿದ. ಅಮೀರ್ ಮೊಮ್ಮಗಳ ತಲೆ ಸವರಿದ. ಕುರ್ಚಿಯ ಕೆಳಗೆ ಅವನ ಬಲಗಾಲು ತಾಳ ಹಾಕುತ್ತಿತ್ತು, ಒಂದು ಪೆಟ್ಟೂ ತಪ್ಪದೆ. ಅದನ್ನು ನೋಡಿದ ಮೇಲೆ ಪುಟ್ಟಸ್ವಾಮಿಗೆ ಕೂರಲಾಗಲಿಲ್ಲ.

ಬಿರುದು ಕೊಟ್ಟು ಶಾಲು ಹೊದಿಸಿ ಮೈಕ್ ಕೈಗಿಟ್ಟಾಗ ಅವನು ಒಂದೇ ಉಸಿರಿಗೆ ಹೇಳಿದ.

“ಗಿಟಾರ್ ನುಡಿಸಿದ್ದು ನಾನಲ್ಲ. ಅದು ಮರದ ಬೊಂಬೆ. ಬಟ್ಟೆ ಹಿಂದೆ ಕೂತ್ಕಂಡು ನುಡಿಸಿದ್ದು ಅಮೀರ. ಅವನ ಕಾಲು ಕಾಣ್ತಿದ್ವು, ನಾನೇ ಒರೆಸಿಸ್ಬುಟ್ಟೆ.”

ಪುಟ್ಟಸ್ವಾಮಿ ತಲೆ ತಗ್ಗಿಸಿ, ಬೈಗುಳಕ್ಕೆ ಕಾದ. ಮೂವತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ಅವನ ಎದೆ ಪೂರ್ತಿ ಹಗುರವಾಗಿತ್ತು.

ದೇವರಾಜು ಮೈಕ್ ತೆಗೆದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

“ನೋಡಿ, ಕಲಾವಿದ ಅಂದ್ರೆ ಹಿಂಗಿರ್ಬೇಕು. ಇಷ್ಟು ದೊಡ್ಡ ಬಿರುದು ಬಂದಾಗ್ಲೂ ಅದನ್ನ ಸ್ನೇಹಿತಂಗೆ ಕೊಡೋಕೆ ನೋಡ್ತಾವ್ರೆ. ಎಂಥ ದೊಡ್ಡ ಗುಣ.”

ಚಪ್ಪಾಳೆ ಭವನದ ಸೂರು ಹಾರಿಸಿತು.

“ಇಲ್ಲ ಕಣಪ್ಪ, ಸತ್ಯವಾಗ್ಲೂ,” ಎಂದ ಪುಟ್ಟಸ್ವಾಮಿ. ಚಪ್ಪಾಳೆ ಇನ್ನೂ ಜೋರಾಯಿತು. ಮುಂದಿನ ಸಾಲಿನಲ್ಲಿ ಕಾವೇರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಪಿಚ್ಚರ್ ನೀವೇ ನೋಡಿದ್ರಲ್ಲ,” ಎಂದರು ದೇವರಾಜು ಜನರ ಕಡೆ ತಿರುಗಿ. “ಹಿಂದ್ಗಡೆ ಒಂದು ಹೂಕುಂಡ ಬುಟ್ರೆ ಯಾರವ್ರೆ?”

ಯಾಸ್ಮಿನ್ ಫೋನ್ ಹಿಡಿದು ವೇದಿಕೆಯ ಹತ್ತಿರ ಬಂದಳು. ಸಾನಾ ಮೊದಲು ಹರಿಬಿಟ್ಟಿದ್ದ ತುಣುಕು ಅದರಲ್ಲಿತ್ತು, ಕಾಲುಗಳೂ ಇದ್ದವು. ದೇವರಾಜು ಬಗ್ಗಿ ನೋಡಿ, ಹುಡುಗಿಯ ಕೆನ್ನೆ ತಟ್ಟಿದರು.

“ಇದೆಲ್ಲ ಎಐ ಕಣಮ್ಮ. ಈಗ ಕಂಪ್ಯೂಟರ್ನಾಗೆ ಯಾರ್ನ ಬೇಕಾದ್ರೂ ಸೇರಿಸ್ಬುಡ್ತಾರೆ. ನಂಬ್ಬಾರ್ದು.”

ಬಾಗಿಲ ಹತ್ತಿರ ನಿಂತಿದ್ದ ಸಾನಾ ನೆಲ ನೋಡಿದಳು. ದೇವರಾಜು ಅಮೀರನನ್ನೂ ಮೇಲಕ್ಕೆ ಕರೆದು, ರಾಮನಗರದಿಂದ ಬಂದ ಹಿರಿಯ ಅಭಿಮಾನಿ ಎಂದು ಪರಿಚಯಿಸಿ, ಮಿಕ್ಕಿದ್ದ ಒಂದು ಶಾಲು ಹೊದಿಸಿ ಫೋಟೊ ತೆಗೆಸಿಕೊಂಡರು. ಫೋಟೊದಲ್ಲಿ ನಿಲ್ಲಲು ಜನ ನುಗ್ಗಿದ್ದರಿಂದ ಅಮೀರ್ ನಿಧಾನವಾಗಿ ಹಿಂದಕ್ಕೆ ಸರಿದು, ಬ್ಯಾನರಿನ ಮರೆಗೆ ಬಂದಿದ್ದ. ಪುಟ್ಟಸ್ವಾಮಿ ಜನರನ್ನು ತಳ್ಳಿಕೊಂಡು ಅಲ್ಲಿಗೆ ಹೋಗಿ ಅವನ ಎರಡೂ ಕೈ ಹಿಡಿದುಕೊಂಡ.

ಅಮೀರ್ ತನ್ನ ಶಾಲು ತೆಗೆದು, ಮಡಿಸಿ, ಪುಟ್ಟಸ್ವಾಮಿಯ ಹೆಗಲ ಮೇಲೆಯೇ ಹಾಕಿದ.

“ಹೂಕುಂಡ ಚೆನ್ನಾಗೈತೆ ಕಣ್ಲಾ ಪುಟ್ಟ,” ಎಂದ. “ತಾಳ ಒಂದು ಹಾಕ್ತಿರ್ಲಿಲ್ಲ ಅಷ್ಟೆ.”