ಮೈಕಕ್ಕನಿಗೊಂದು ಫೋನು

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು. ಮಿಷನ್ನುಗಳೆಲ್ಲ ಒಟ್ಟಿಗೆ ಗರ್ಜಿಸುವಾಗಲೂ ಹೊಲಿಗೆ ಹಾಲಿನ ಈ ತುದಿಯಲ್ಲಿ ನಿಂತು ಅವಳು "ಕಾಲರ್ ಉಲ್ಟಾ ಹೋಗ್ತಿದೆ, ಬಿಚ್ಚು!" ಎಂದರೆ ಆ ತುದಿಯಲ್ಲಿ ಕೂತವಳ ಕೈ ತಾನಾಗಿ ನಿಲ್ಲುತ್ತಿತ್ತು. ಮೇಲ್ವಿಚಾರಕಿಯ ಕೆಲಸ ಅವಳಿಗೆ ಸಿಕ್ಕಿದ್ದು ಹೊಲಿಗೆ ಬಲ್ಲಳು ಎಂಬ ಕಾರಣಕ್ಕೆ; ಅದು ಕೈಯಲ್ಲಿ ಉಳಿದದ್ದು ಆ ಗಂಟಲಿನಿಂದ. ಬೈದರೂ ಯಾರೂ ಮುಖ ಗಂಟಿಕ್ಕಿಕೊಳ್ಳುತ್ತಿರಲಿಲ್ಲ. ಬೈಗುಳದ ಬಾಲಕ್ಕೆ ಒಂದು ತಮಾಷೆ ಅಂಟಿಕೊಂಡೇ ಬರುತ್ತಿತ್ತು.

ಅಂಥವಳ ಗಂಟಲಲ್ಲೇ ಗಡ್ಡೆ ಎದ್ದಿತು. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ: ಧ್ವನಿಪೆಟ್ಟಿಗೆ ತೆಗೆದರೆ ಜೀವ ಉಳಿಯುತ್ತದೆ ಎಂದರು. ತೆಗೆದರು, ಜೀವ ಉಳಿಯಿತು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ಅದನ್ನು ಮುಚ್ಚಲು ಆಸ್ಪತ್ರೆಯವರು ಕೊಟ್ಟ ಬಿಳಿ ಹೊದಿಕೆ ಅವಳ ಕಣ್ಣಿಗೆ ಹಿಡಿಸದೆ, ಅಂಗಿಯ ಬಣ್ಣಕ್ಕೆ ಒಪ್ಪುವಂತೆ ತಾನೇ ತೆಳು ಬಟ್ಟೆಯಲ್ಲಿ ಪುಟ್ಟ ಪಟ್ಟಿಗಳನ್ನು ಹೊಲಿದುಕೊಂಡಳು. ಮಾತು ಮಾತ್ರ ಹೋದದ್ದು ಹೋಯಿತು.

ಕೆಲಸಕ್ಕೆ ಮರಳಿದಾಗ ಮಾಲೀಕರು ಅವಳನ್ನು ಬಾಗಿಲವರೆಗೆ ಬಂದು ಬರಮಾಡಿಕೊಂಡರು. "ನೀವು ಎಲ್ಲೂ ಹೋಗೋದು ಬೇಡ, ಇಲ್ಲೇ ಇರಿ" ಎಂದವರು, ಮೂಲೆಯ ಮೇಜಿನಲ್ಲಿ ಗುಂಡಿ ಹಚ್ಚುವ ಕೆಲಸ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಆದರೆ ಇಡೀ ಹಾಲನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದವಳಿಗೆ ಗುಂಡಿಯ ಡಬ್ಬಿ ಎದುರು ಕೂರುವುದೆಂದರೆ ಕೈಕಟ್ಟಿ ಕೂರಿಸಿದ ಹಾಗೆ. ಕೊರಳಿಗೆ ಒಂದು ಪುಟ್ಟ ಸ್ಲೇಟು ನೇತುಹಾಕಿಕೊಂಡಳು. ಬರೆಯುವಷ್ಟರಲ್ಲಿ ಎದುರಿನವರಿಗೆ ಅವಸರ. ಅರ್ಧ ಓದಿ "ಗೊತ್ತಾಯ್ತು ಬಿಡಿ ಅಕ್ಕ" ಎಂದು ಹೊರಟುಬಿಡುತ್ತಿದ್ದರು. ಗೊತ್ತಾಗಿರುತ್ತಿರಲಿಲ್ಲ. ತಮಾಷೆಯಂತೂ ಸ್ಲೇಟಿನ ಮೇಲೆ ಒಣಗಿಹೋಗುತ್ತಿತ್ತು.

ಅವಳ ತಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದ. ಬಸ್ ಡಿಪೋದಲ್ಲಿ ವೇಳಾಪಟ್ಟಿ ನೋಡಿಕೊಳ್ಳುವ ಈತನಿಗೆ ಬಳಗದಲ್ಲಿ ಜೀಬಿ ಎಂದು ಹೆಸರು. ಯಾರು ಏನು ಕೊಳ್ಳಲು ಹೊರಟರೂ ಅವನ ಮೊದಲ ಪ್ರಶ್ನೆ "ಎಷ್ಟು ಜೀಬಿ?" ಅತ್ತೆಯ ಟಿವಿ, ಚಿಕ್ಕಪ್ಪನ ಲ್ಯಾಪ್‌ಟಾಪು, ಭಾವನ ಗಡಿಯಾರ ಎಲ್ಲವೂ ಅವನ ತಕ್ಕಡಿಯಲ್ಲಿ ತೂಗಿಯೇ ಮನೆಗೆ ಬಂದವು. ಪ್ರೊಸೆಸರ್, ಬ್ಯಾಟರಿ, ಕ್ಯಾಮೆರಾ, ಯಾವ ಫೋನಿನ ಯಾವ ಅಂಕಿ ಕೇಳಿದರೂ ಮಗ್ಗಿಯಂತೆ ಒಪ್ಪಿಸುತ್ತಿದ್ದ. ಆಸ್ಪತ್ರೆಯ ವರಾಂಡದಲ್ಲಿ ಕೂತ ದಿನಗಳಲ್ಲಿ ಅವನ ಈ ವಿದ್ಯೆ ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಈಗ ಬರೆದದ್ದನ್ನು ಮಾತಾಡುವ ಆ್ಯಪ್ ಇದೆ ಎಂದು ಗೊತ್ತಾದದ್ದೇ ತಡ, ಅವನ ಮೈಗೆ ಹುರುಪು ಬಂತು.

ಒಂದು ರಜಾದಿನ ಬೆಳಿಗ್ಗೆ ಬಂದವನೇ ಡಬ್ಬಿಯನ್ನು ಅಕ್ಕನ ಮಡಿಲಿಗಿಟ್ಟ.

"ಇದಕ್ಕಿಂತ ಮೇಲಿನದು ಸದ್ಯಕ್ಕೆ ಇಲ್ಲವೇ ಇಲ್ಲ ಅಕ್ಕ. ಎಲ್ಲ ಪಟ್ಟಿಯಲ್ಲೂ ಇದೇ ಮೊದಲು. ಬಾಯಲ್ಲಿ ಬರೋದು ತಡ ಆಗ್ಬಹುದು, ಇದರಲ್ಲಿ ತಡ ಆಗಲ್ಲ."

ಕನ್ನಡಿಯಂಥ ಫೋನು. ಅವಳು ಎಚ್ಚರಿಕೆಯಿಂದ ಒಂದೊಂದೇ ಅಕ್ಷರ ಒತ್ತಿದಳು. ಮನೆಯವರು ಕಾದರು. ಕೋಣೆಯಲ್ಲಿ ಹೆಂಗಸಿನ ಶುದ್ಧ, ಸಪಾಟು ದನಿ ಕೇಳಿಸಿತು.

"ನಾನು ಸುಮ್ಮನಿದ್ದೇನೆ ಎಂದು ಇಷ್ಟು ದಿನ ಉಪ್ಪಿಲ್ಲದ ಊಟ ಹಾಕಿದ್ದೀರಿ."

ಅವಳ ಗಂಡ, ಬೀಗ ರಿಪೇರಿ ಮಾಡುವ ಮಿತಭಾಷಿ, ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಪೆಚ್ಚಾಗಿ ನಿಂತ. ಆಮೇಲೆ ಗೋಡೆಗೆ ಒರಗಿ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ಜೀಬಿ ಅಂದು ನೆಲದ ಮೇಲೆ ನಡೆಯಲೇ ಇಲ್ಲ.

ಮಾರನೆಯ ದಿನ ಫೋನು ಕಾರ್ಖಾನೆಗೆ ಹೋಯಿತು. ಅಲ್ಲಿ ಅದರ ಬಣ್ಣ ಬಯಲಾಯಿತು. ಮಿಷನ್ನುಗಳ ಸದ್ದಿನಲ್ಲಿ ಅದರ ದನಿ, ಜಾತ್ರೆಯಲ್ಲಿ ಪಿಸುಗುಟ್ಟಿದ ಹಾಗೆ. ಸ್ಪೀಕರು ಫೋನಿನ ಕೆಳ ಅಂಚಿನಲ್ಲಿ. ಗಟ್ಟಿಯಾಗಿ ಹಿಡಿದರೆ ಅಂಗೈಯೇ ಅದರ ಬಾಯಿ ಮುಚ್ಚುತ್ತಿತ್ತು, ಸಡಿಲವಾಗಿ ಹಿಡಿದರೆ ಜಾರುತ್ತಿತ್ತು. ಸೂಜಿ ಒತ್ತಿ ಒತ್ತಿ ಒರಟಾದ ಅವಳ ಬೆರಳ ತುದಿಯನ್ನು ಆ ಗಾಜು ಒಮ್ಮೆ ಗುರುತಿಸಿದರೆ ಎರಡು ಸಲ ಗುರುತಿಸುತ್ತಿರಲಿಲ್ಲ. ಒಂದು ಕೈಯಲ್ಲಿ ಬಟ್ಟೆ ಹಿಡಿದವಳಿಗೆ ಎರಡು ಕೈಯ ಫೋನು. ಆದರೂ ತಮ್ಮ ಆಸೆಯಿಂದ ತಂದದ್ದೆಂದು ಹಲ್ಲು ಕಚ್ಚಿ ಬಳಸಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಗುಂಡಿ ಹಚ್ಚುತ್ತಿದ್ದವಳು ಸುಮ್ಮನೆ ತಲೆಯೆತ್ತಿದಳು. ಬಟ್ಟೆಯ ಅಂಚು ಹೆಣೆಯುವ ಓವರ್‌ಲಾಕ್ ಮಿಷನ್ನಿನಲ್ಲಿ ಪಟಾಕಿ ಕೂತಿದ್ದಳು. ಎರಡು ಮಕ್ಕಳ ತಾಯಿ, ಬಾಯಿ ತೆರೆದರೆ ಚಟಪಟ ಸಿಡಿಯುವುದರಿಂದ ಆ ಹೆಸರು. ಬಗ್ಗಿ ದಾರದ ಉಂಡೆ ಹುಡುಕುತ್ತಿದ್ದ ಅವಳ ಕುತ್ತಿಗೆಯ ಸ್ಕಾರ್ಫಿನ ತುದಿ ಮೇಜಿನ ಕೆಳಗೆ ಇಳಿಬಿದ್ದಿತ್ತು. ಅಲ್ಲಿ ಮೋಟಾರಿನ ಬೆಲ್ಟು ಸುತ್ತುತ್ತಿತ್ತು, ಅದರ ಮುಚ್ಚಳ ಕಳಚಿತ್ತು. ಪಟಾಕಿಯ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು.

ಮೈಕಕ್ಕನ ಬಾಯಿ ತಾನಾಗಿ ತೆರೆಯಿತು, ಗಾಳಿಯೂ ಹೊರಡಲಿಲ್ಲ. ಕೈ ಫೋನಿಗೆ ಹೋಯಿತು. 'ನಿ' ಒತ್ತಿದಳು, 'ಮಿ' ಬಿತ್ತು. ಅಳಿಸಿ ಮತ್ತೆ ಒತ್ತಿದಳು. ಫೋನು "ನಿಲ್ಲಿಸು" ಎಂದು ಸೌಜನ್ಯದಿಂದ ಹೇಳಿತು. ಪಕ್ಕದವಳಿಗೂ ಕೇಳಿಸಲಿಲ್ಲ. ಗುಂಡಿಯ ಡಬ್ಬಿಯನ್ನು ನೆಲಕ್ಕೆ ಕೆಡವಿ ಓಡಿದವಳೇ ಗೋಡೆಯ ಮೇನ್ ಸ್ವಿಚ್ಚನ್ನು ಕೆಳಗೆಳೆದಳು.

ಹಾಲು ಗಕ್ಕನೆ ಮೌನವಾಯಿತು. ಸ್ಕಾರ್ಫು ಆಗಲೇ ಬೆಲ್ಟಿಗೆ ಸಿಕ್ಕಿ ಬಿಗಿದಿತ್ತು. ಕತ್ತರಿ ತಂದು ಕತ್ತರಿಸಿದರು. ಪಟಾಕಿಯ ಕುತ್ತಿಗೆಯಲ್ಲಿ ಕೆಂಪು ಬರೆಯೊಂದು ಬಿಟ್ಟರೆ ಏನೂ ಆಗಿರಲಿಲ್ಲ. ಅವಳು ಮೈಕಕ್ಕನನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ಮಾಲೀಕರು ಅಂದೇ ಎಲ್ಲ ಮೋಟಾರುಗಳ ಮುಚ್ಚಳ ನೋಡಿಸಿದರು, ಎಲ್ಲರೂ ಮೈಕಕ್ಕನನ್ನು ಹೊಗಳಿದರು. ಅವಳಿಗೆ ಮಾತ್ರ ಒಂದೇ ಯೋಚನೆ: ಸ್ವಿಚ್ಚು ದೂರ ಇದ್ದಿದ್ದರೆ? ಅಂದು ಫೋನನ್ನು ಮನೆಯ ಮೇಜಿನ ಖಾನೆಯೊಳಗಿಟ್ಟು ಮತ್ತೆ ಸ್ಲೇಟು ಹಾಕಿಕೊಂಡಳು.

ಭಾನುವಾರ ಬಂದ ಜೀಬಿ ಕತ್ತರಿ ಹುಡುಕುತ್ತ ಖಾನೆ ಎಳೆದ. ಫೋನು ಅಲ್ಲಿ ಮಲಗಿತ್ತು, ಚಾರ್ಜೂ ಇರಲಿಲ್ಲ.

"ಇದನ್ಯಾಕೆ ಇಲ್ಲಿಟ್ಟಿದ್ದೀಯ?" ಅವನ ಮುಖ ಸಪ್ಪೆಯಾಯಿತು. "ಅಕ್ಕ, ಇದರ ಪ್ರೊಸೆಸರ್ ಎಂಥದ್ದು ಗೊತ್ತಾ? ಇದರ ರ‍್ಯಾಮ್..."

ಅವಳು ಸ್ಲೇಟು ಎತ್ತಿ ಒಂದು ಸಾಲು ಗೀಚಿದಳು: "ನಾಳೆ ನನ್ನ ಕೆಲಸದ ಜಾಗಕ್ಕೆ ಬಂದು ಕೂರು. ಆಮೇಲೆ ಹೇಳು."

ಅವನಿಗೆ ಸಿಟ್ಟು ಬಂದಿತ್ತು. ಆದರೂ ರಜೆ ಹಾಕಿ ಬಂದ. ಗುಂಡಿ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತ. ಮೊದಲು ಕಿವಿ ಮುಚ್ಚಿಕೊಂಡ. ಆಮೇಲೆ ಫೋನನ್ನು ತಾನೇ ಹಿಡಿದು, ಇನ್ನೊಂದು ಕೈಯಲ್ಲಿ ಪ್ಯಾಂಟಿನ ಕಟ್ಟು ಹಿಡಿದು, "ಇಲ್ಲಿ ಬನ್ನಿ" ಎಂದು ಒತ್ತಿ ನೋಡಿದ. ಯಾರೂ ಬರಲಿಲ್ಲ. ಮತ್ತೆ ಒತ್ತಿದ. ಕೊನೆಗೆ ಫೋನು ಕೈಜಾರಿ ಬಟ್ಟೆ ಚೂರುಗಳ ರಾಶಿಯೊಳಗೆ ಬಿತ್ತು. ಅದನ್ನು ಹುಡುಕಲು ಮಂಡಿಯೂರಿದಾಗ ಪಟಾಕಿ ಅವನಿಗೆ ಸ್ಕಾರ್ಫಿನ ಕಥೆಯನ್ನು ಚಾಚೂ ತಪ್ಪದೆ ಹೇಳಿದಳು.

ಅವನು ತಣ್ಣಗಾಗಿ ಎದ್ದು ಬಂದ. "ನನಗ್ಯಾಕೆ ಹೇಳಲಿಲ್ಲ ಅಕ್ಕ?"

ಅವಳು ಸ್ಲೇಟಿನಲ್ಲಿ ಬರೆದಳು: "ನಿನ್ನ ಖುಷಿ ಹಾಳಾಗೋದು ಬೇಡ ಅಂತ."

"ನನ್ನ ಖುಷಿ ಕಟ್ಕೊಂಡು ಏನು ಮಾಡ್ತೀಯ? ಎದ್ದೇಳು, ಅಂಗಡಿಗೆ ಹೋಗೋಣ. ಈ ಸಲ ನೀನು ಆರಿಸು."

ಅಂಗಡಿ ದೊಡ್ಡ ರಸ್ತೆಯ ಮೇಲಿತ್ತು. ಮಾರಾಟದವನು ನಗುಮುಖದಿಂದ ಕ್ಯಾಮೆರಾದಿಂದಲೇ ಶುರುಮಾಡಿದ. ಮೈಕಕ್ಕ ಕೈಯೆತ್ತಿ ಅವನನ್ನು ತಡೆದಳು. ಚೀಲದಿಂದ ತನ್ನ ದೊಡ್ಡ ಕತ್ತರಿ ತೆಗೆದು ಎಡಗೈಯಲ್ಲಿ ಹಿಡಿದಳು. ಮಾರಾಟದವನು ಒಂದು ಹೆಜ್ಜೆ ಹಿಂದೆ ಸರಿದ.

"ಹೆದರಬೇಡಿ, ಒಂದು ಕೈ ಕೆಲಸದಲ್ಲಿರುತ್ತೆ, ಇನ್ನೊಂದರಲ್ಲೇ ಒತ್ತೋಕೆ ಆಗ್ಬೇಕು ಅಂತ" ಎಂದ ಜೀಬಿ.

ಒಂದೇ ಕೈಗೆ ಒಗ್ಗದ ಫೋನುಗಳೆಲ್ಲ ಅಲ್ಲೇ ಪಕ್ಕಕ್ಕೆ ಸರಿದವು. ಉಳಿದವುಗಳಿಗೆ ಜೀಬಿ ಆ ಆ್ಯಪ್ ಹಾಕಿದ. ಆಗ ಅವಳು ಸ್ಲೇಟಿನಲ್ಲಿ ಬರೆದು ತೋರಿಸಿದಳು: "ರಸ್ತೆ ಆಚೆ ಹೋಗಿ ನಿಲ್ಲು. ಕೇಳಿಸಿದರೆ ಕೈ ಎತ್ತು." ಜೀಬಿ ಎದುರುಗಡೆಯ ಬಸ್ ನಿಲ್ದಾಣಕ್ಕೆ ಹೋಗಿ ನಿಂತ. ನಡುವೆ ಲಾರಿ, ಬಸ್ಸು, ಹಾರನ್ನುಗಳ ಹೊಳೆ.

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮೈಕಕ್ಕ ಒಂದೊಂದೇ ಫೋನಿನಿಂದ ತಮ್ಮನನ್ನು ಕರೆದಳು. ಹೊಳೆಯುವ ಫೋನು ಕರೆಯಿತು. ಅವನು ಕಂಬದ ಹಾಗೆ ನಿಂತಿದ್ದ. ಬಂಗಾರದ ಬಣ್ಣದ್ದು ಕರೆಯಿತು. ಅವನು ಕಿವಿಗೆ ಕೈಹಚ್ಚಿ ತಲೆಯಾಡಿಸಿದ. ಅವಳ ಕಣ್ಣು ಕಪಾಟಿನ ಕೆಳಗಿನ ಸಾಲಿನಲ್ಲಿದ್ದ ದಪ್ಪನೆಯ, ರಬ್ಬರು ಅಂಚಿನ ಫೋನೊಂದರ ಮೇಲೆ ಬಿತ್ತು.

"ಅದು ಬೇಡ ಮೇಡಂ, ಕಟ್ಟಡ ಕೆಲಸದವರು, ಲಾರಿ ಓಡಿಸೋರು ತಗೊಳ್ಳೋದು. ನೋಡೋಕೆ ಇಟ್ಟಿಗೆ ಹಾಗಿದೆ."

ಅವಳು ಕೈಚಾಚಿ ಇಸಿದುಕೊಂಡಳು. ಕೈಗವಸು ಹಾಕಿಯೂ ಒತ್ತಬಹುದಾದ ಪರದೆ. ಅವಳ ಒರಟು ಬೆರಳಿಗೆ ಮೊದಲ ಸಲಕ್ಕೇ ಓಗೊಟ್ಟಿತು. ಸ್ಪೀಕರು ಮುಂದುಗಡೆ, ಅಗಲವಾಗಿ. ಪಕ್ಕದಲ್ಲಿ ಬೇಕಾದ ಕೆಲಸಕ್ಕೆ ಹೊಂದಿಸಬಹುದಾದ ಎರಡು ಗುಂಡಿಗಳು. ಮಾರಾಟದವನಿಂದ ಇದಕ್ಕೂ ಆ್ಯಪ್ ಹಾಕಿಸಿ, ಬರೆದು ಒತ್ತಿದಳು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಇಡೀ ರಸ್ತೆಗೆ ಕೇಳುವಂತೆ ಅದು ಅರಚಿತು:

"ಏ ಜೀಬಿ, ಅಂಗಿ ಗುಂಡಿ ಹಾಕಿಕೋ!"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ಜೀಬಿಯ ಅಂಗಿ ನೋಡಿದರು. ಅವನು ಒಂದು ಕೈಯಿಂದ ಅಂಗಿ ಮುಚ್ಚಿಕೊಂಡು ಇನ್ನೊಂದನ್ನು ಆಕಾಶಕ್ಕೆತ್ತಿದ.

ಮೈಕಕ್ಕ ಫೋನನ್ನು ಎದೆಗವಚಿಕೊಂಡು ಇದೇ ಸಾಕು ಎಂಬಂತೆ ತಲೆಯಾಡಿಸಿದಳು. ಆದರೆ ರಸ್ತೆ ದಾಟಿ ಬಂದ ಜೀಬಿ ನಗಲಿಲ್ಲ.

"ನೀನು ಒತ್ತಿದ್ದು ನಾನು ಅಲ್ಲಿಂದ ನೋಡಿದೆ. ಮಾತು ಬಂದಿದ್ದು ಆಮೇಲೆ. ಯಾಕೆ ತಡ ಆಯ್ತು?"

ಫೋನನ್ನು ಕೈಗೆ ತೆಗೆದುಕೊಂಡ. ಒಳಗಿನ ವಿವರ ನೋಡಿದವನೇ ನಾಲಿಗೆ ಕಚ್ಚಿಕೊಂಡ. "ರ‍್ಯಾಮ್ ತೀರಾ ಕಮ್ಮಿ. ನೋಡಿಲ್ಲಿ." ಎರಡು ಮೂರು ಆ್ಯಪ್‌ಗಳನ್ನು ತೆರೆದಿಟ್ಟು "ನಿಲ್ಲಿಸು" ಎಂದು ಒತ್ತಿದ. ಪರದೆ ಮಂಕಾಗಿ ನಿಂತಿತು. ಮೈಕಕ್ಕ ಕಾದಳು. ಕಾಯುತ್ತ ಕಾಯುತ್ತ ಅವಳ ಕಣ್ಣಿಗೆ ಬೆಲ್ಟಿನತ್ತ ಸರಿಯುವ ಸ್ಕಾರ್ಫು ಕಂಡಿತು. ಫೋನು ಕೊನೆಗೂ ಬಾಯಿಬಿಟ್ಟಾಗ ಅವಳ ಮುಖ ಬಿಳಿಚಿತ್ತು.

"ಈ ಒಂದು ಅಂಕಿ ಬೇಕೇ ಬೇಕು ಅಕ್ಕ" ಎಂದ ಜೀಬಿ, ಈ ಸಲ ಮೆಲ್ಲನೆ. "ಕ್ಯಾಮೆರಾ ಎಂಥದ್ದಾದರೂ ಇರಲಿ, ಪರದೆ ಹೇಗಾದರೂ ಇರಲಿ. ಇದು ಮಾತ್ರ ಇರಬೇಕು. ಮತ್ತೆ ದನಿ ಫೋನಿನೊಳಗೇ ಇರಬೇಕು, ನೆಟ್‌ವರ್ಕ್ ನಂಬ್ಕೊಂಡು ಇರಬಾರದು."

ಅವಳು ಅವನನ್ನು ದಿಟ್ಟಿಸಿದಳು. ಅಂಕಿ ಒಪ್ಪಿಸುವಾಗ ಅವನ ಕಣ್ಣು ಸಾಮಾನ್ಯವಾಗಿ ವಸ್ತುವಿನ ಮೇಲಿರುತ್ತಿತ್ತು. ಈಗ ಅವಳ ಕೈಯ ಮೇಲಿತ್ತು. ಅವಳು ಸ್ಲೇಟಿನಲ್ಲಿ "ಸರಿ" ಎಂದು ಬರೆದು ಅಡಿಗೆರೆ ಎಳೆದಳು. ಅದೇ ಫೋನಿನ ಹೆಚ್ಚು ರ‍್ಯಾಮ್ ಇರುವ ಮಾದರಿ ಗೋದಾಮಿನಿಂದ ಬರಬೇಕಿತ್ತು, ತರಿಸಿಕೊಡುತ್ತೇವೆಂದರು. ಮೊದಲಿನ ಕನ್ನಡಿ ಫೋನನ್ನು ಅಂಗಡಿಯವರು ಅದಲುಬದಲಿಗೆ ಒಪ್ಪಿಕೊಂಡರು.

ಫೋನು ಬಂದ ದಿನ ಜೀಬಿ ಊಟದ ವಿರಾಮಕ್ಕೆ ಕಾರ್ಖಾನೆಗೇ ಬಂದ. ಬೇಡದ ಆ್ಯಪ್‌ಗಳನ್ನೆಲ್ಲ ಕಿತ್ತುಹಾಕಿದ. ಪಕ್ಕದ ಗುಂಡಿಗಳಿಗೆ ತಲಾ ಒಂದು ಮಾತು ಕೂರಿಸಿ, ಮಿಷನ್ನುಗಳನ್ನು ಓಡಿಸಲು ಹೇಳಿ ಒತ್ತಿದ. "ದಯವಿಟ್ಟು ನಿಲ್ಲಿಸಿ" ಎಂಬ ದನಿ ಹಾಲಿನ ಆ ತುದಿಗೆ ಮುಟ್ಟಿತು. ಮುಟ್ಟಿದರೂ ಯಾರೂ ನಿಲ್ಲಿಸಲಿಲ್ಲ, ಎಲ್ಲರೂ ನಕ್ಕರು.

"ಇದೇನು, ರೈಲು ಬರುತ್ತೆ ಅಂತ ಹೇಳೋ ಹಾಗಿದೆ!" ಎಂದಳು ಪಟಾಕಿ. "ಅದರ ಮಾತಿಗೆ ಯಾರು ಹೆದರ್ತಾರೆ? ಅಕ್ಕ, ನನ್ನ ಗಂಟಲು ತಗೊಳ್ಳಿ. ಇದರಲ್ಲಿ ರೆಕಾರ್ಡ್ ಮಾಡೋಕೆ ಬರುತ್ತಲ್ಲ?"

"ಬರುತ್ತೆ" ಎಂದ ಜೀಬಿ, ಇಷ್ಟು ದಿನ ತನಗೇಕೆ ಹೊಳೆಯಲಿಲ್ಲ ಎಂಬಂತೆ.

ಗೋದಾಮಿನ ಬಟ್ಟೆ ಸುರುಳಿಗಳ ನಡುವೆ ನಿಂತು ಪಟಾಕಿ ಅರಚಿದಳು. ಮೈಕಕ್ಕ ಸಂಗೀತ ಹೇಳಿಕೊಡುವವಳಂತೆ ಕೈಯಾಡಿಸಿ ತಿದ್ದಿದಳು: ಇಲ್ಲಿ ಏರಿಸು, ಇಲ್ಲಿ ಮೊಟಕಾಗಿ ಕಡಿ. ನಾಲ್ಕಾರು ಸಲ ತಪ್ಪಿ, ಕೆಮ್ಮಿ, ನಕ್ಕು, ಕೊನೆಗೆ "ನಿಲ್ಸಿ!" ಎಂಬುದು ಮೈಕಕ್ಕನ ಹಳೆಯ ಕಸುವಿನಲ್ಲೇ ಬಂತು. ಇನ್ನೊಂದು ಗುಂಡಿಗೆ "ಇಲ್ಲಿ ನೋಡಿ!" ಉಳಿದ ಮಾತಿಗೆ ಆ ಸಪಾಟು ದನಿಯೇ ಸಾಕೆಂದು ಅವಳೇ ತೀರ್ಮಾನಿಸಿದಳು, ತಮಾಷೆ ಹೇಳುವಾಗ ಆ ಗಂಭೀರ ದನಿ ಇನ್ನೂ ಚೆನ್ನಾಗಿ ಒದಗುತ್ತದೆ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು.

ಸಂಜೆ ಅವಳು ಮಾಲೀಕರ ಕೋಣೆಗೆ ಹೋಗಿ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದಳು.

"ನನಗೆ ನನ್ನ ಹಾಲ್ ವಾಪಸ್ ಬೇಕು."

ಮಾಲೀಕರು ಕನ್ನಡಕ ತೆಗೆದು ಒರೆಸಿದರು. "ಆಗುತ್ತಾ? ಓಡಾಟ ಜಾಸ್ತಿ..."

"ಹೋದದ್ದು ಗಂಟಲು. ಕಾಲಲ್ಲ."

ಅವರಿಗೆ ನಗು ತಡೆಯಲಾಗಲಿಲ್ಲ. "ಸರಿ, ಸೋಮವಾರದಿಂದ. ಆದರೆ ಕಷ್ಟ ಆದ್ರೆ ಹೇಳಬೇಕು."

"ಹೇಳುವುದನ್ನು ನಾನು ಯಾವತ್ತು ಬಿಟ್ಟಿದ್ದೆ?" ಎಂದಿತು ಫೋನು.

ಸೋಮವಾರ ಮೈಕಕ್ಕ ಫೋನನ್ನು ಅಂಗಿಯ ಮೇಲೆ ತಾನೇ ಹೊಲಿದ ಗಟ್ಟಿ ಜೇಬಿನಲ್ಲಿಟ್ಟು, ಸ್ಪೀಕರು ಹೊರಗೆ ಕಾಣುವಂತೆ ಮಾಡಿ ಹಾಲಿಗೆ ಇಳಿದಳು. ಸಾಲುಗಳ ನಡುವೆ ನಿಧಾನವಾಗಿ ನಡೆದಳು. ಒಬ್ಬಳ ಜೇಬು ಸೊಟ್ಟಗಿತ್ತು, ಬೆರಳಿಟ್ಟು ತೋರಿಸಿದಳು. ಇನ್ನೊಬ್ಬಳ ಹೊಲಿಗೆ ನೇರವಾಗಿತ್ತು, ಬೆನ್ನು ತಟ್ಟಿದಳು. ಓವರ್‌ಲಾಕ್ ಮಿಷನ್ನಿನ ಬಳಿ ಬಂದಾಗ ಪಟಾಕಿ ಪಕ್ಕದವಳೊಡನೆ ಮಾತಿಗೆ ಬಿದ್ದಿದ್ದಳು. ಬಟ್ಟೆ ಒಂದು ದಿಕ್ಕಿಗೆ, ಅವಳ ಕಣ್ಣು ಇನ್ನೊಂದು ದಿಕ್ಕಿಗೆ. ಮೈಕಕ್ಕ ಅವಳ ಬೆನ್ನ ಹಿಂದೆ ಬಂದು ನಿಂತು ಗುಂಡಿ ಒತ್ತಿದಳು.

"ಇಲ್ಲಿ ನೋಡಿ!"

ತನ್ನದೇ ಗಂಟಲಿನ ಅಬ್ಬರಕ್ಕೆ ಪಟಾಕಿ ಕುರ್ಚಿಯಿಂದ ಅರ್ಧ ಎದ್ದಳು. ಕೈ ನಿಂತಿತು. ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ನಾನೇ ಕೊಟ್ಟು ನಾನೇ ಬೈಸಿಕೊಳ್ಳೋ ಹಾಗಾಯ್ತಲ್ಲ!" ಎಂದು ಅವಳು ಎದೆ ನೀವಿಕೊಂಡಳು. ಮೈಕಕ್ಕನ ಭುಜಗಳು ಸದ್ದಿಲ್ಲದ ನಗುವಿಗೆ ಕುಲುಕಿದವು. ಅವಳು ಬಗ್ಗಿ, ಸರಿದ ಅಂಚನ್ನು ನೇರ ಮಾಡಿಕೊಟ್ಟು, ಮುಂದಿನ ಸಾಲಿಗೆ ನಡೆದಳು.