ಟೀಚರಮ್ಮನ ಬೆಳ್ಳುಳ್ಳಿ

ಆ ಲಾಯದಲ್ಲಿ ಬೇರೆ ಕುದುರೆಗಳೂ ಇದ್ದವು. ಆದರೆ ಸವಾರಿ ಕಲಿಯಲು ಬಂದವರನ್ನೆಲ್ಲ ಮೊದಲು ಹತ್ತಿಸುತ್ತಿದ್ದದ್ದು ಕಂದು ಬಣ್ಣದ, ಅಗಲ ಬೆನ್ನಿನ, ವಯಸ್ಸಾದ ಒಂದೇ ಹೆಣ್ಣು ಕುದುರೆಯ ಮೇಲೆ. ಕಾಗದಪತ್ರದಲ್ಲಿ ಅದಕ್ಕೆ ಏನೋ ಉದ್ದನೆಯ ಹೆಸರಿತ್ತು. ಎಲ್ಲರೂ ಕರೆಯುತ್ತಿದ್ದದ್ದು ಟೀಚರಮ್ಮ ಎಂದು. ಮಕ್ಕಳು ಕಡಿವಾಣ ಹಿಡಿದು ಎಳೆದಾಡಿದರೂ, ಭಾರಿ ಆಸಾಮಿಗಳು ಮೂಟೆಯಂತೆ ಬೆನ್ನ ಮೇಲೆ ಬಿದ್ದರೂ ಅದು ತಾಳ್ಮೆ ಕಳೆದುಕೊಂಡದ್ದನ್ನು ಕಂಡವರಿಲ್ಲ. ಟೀಚರಮ್ಮ ಇದ್ದರೆ ಇದು ಸವಾರಿ ಶಾಲೆ, ಇಲ್ಲದಿದ್ದರೆ ಬರೀ ಲದ್ದಿ ಬಾಚುವ ಜಾಗ. ಶಾಲೆ ನಡೆಸುತ್ತಿದ್ದ ಮೂವರೂ ತಕರಾರಿಲ್ಲದೆ ಒಪ್ಪುತ್ತಿದ್ದ ಸಂಗತಿ ಇದೊಂದೇ.

ಮೂವರು ಎಂದರೆ ಅಕ್ಕ, ತಮ್ಮ, ತಮ್ಮನ ಹೆಂಡತಿ. ಅಕ್ಕ ಸವಾರಿ ಕಲಿಸುತ್ತಿದ್ದಳು, ತಮ್ಮ ಮೇವು ನೋಡಿಕೊಳ್ಳುತ್ತಿದ್ದ, ನಾದಿನಿಯ ಪಾಲಿಗೆ ಫೋನು ಮತ್ತು ಮಕ್ಕಳ ತಾಯಂದಿರು ಬಂದಿದ್ದರು. ಒಬ್ಬರು ಹಾಕಿದ ಚಿಲಕವನ್ನು ಇನ್ನೊಬ್ಬರು ಎದ್ದುಹೋಗಿ ಎಳೆದು ನೋಡುತ್ತಿದ್ದರು. ಅವರು ಸರಿಯಾಗಿ ಎಳೆದರೋ ಇಲ್ಲವೋ ಎಂದು ಮೂರನೆಯವರು ಹೋಗಿ ನೋಡುತ್ತಿದ್ದರು. ಇದಕ್ಕೆ ಆ ಮನೆಯಲ್ಲಿ ಜವಾಬ್ದಾರಿ ಎಂದು ಹೆಸರು.

ಆ ಬೇಸಿಗೆಯಲ್ಲಿ ನೊಣದ ಕಾಟಕ್ಕೆ ಟೀಚರಮ್ಮನಿಗೆ ತುರಿಕೆ ಹತ್ತಿತು. ಕಂಬಕ್ಕೆ ಬಾಲದ ಬುಡ ಉಜ್ಜಿ ಉಜ್ಜಿ ಚರ್ಮ ಕಿತ್ತುಬಂತು. ಡಾಕ್ಟರು ಕೊಟ್ಟ ಮುಲಾಮನ್ನು ಅದು ಅದೇ ಕಂಬಕ್ಕೆ ಶ್ರದ್ಧೆಯಿಂದ ಒರೆಸಿತು. ಆಗ ನಾದಿನಿ ಕಷಾಯ ಮೇಡಮ್ಮನ್ನು ಕರೆತಂದಳು.

ಕಷಾಯ ಮೇಡಂ ಬ್ಯಾಂಕಿನ ಕೆಲಸ ಬಿಟ್ಟು ಪ್ರಾಣಿಗಳಿಗೆ ಗಿಡಮೂಲಿಕೆಯ ಚಿಕಿತ್ಸೆ ಕಲಿತವರು. ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಲಾಯದೊಳಗೆ ಬಂದರು. ಕುದುರೆ ಯಾವ ಮಗ್ಗುಲಿಗೆ ಮಲಗುತ್ತದೆ, ಯಾವ ಕುದುರೆಯ ಜೊತೆ ಸ್ನೇಹ, ಇತ್ತೀಚೆಗೆ ಮನಸ್ಸಿಗೆ ಬೇಜಾರಾಗುವಂಥದ್ದು ಏನಾದರೂ ನಡೆಯಿತೇ ಎಂದು ವಿಚಾರಿಸಿದರು.

"ಮನಸ್ಸಲ್ಲಿ ಏನಾದ್ರೂ ಆಸೆ ಇದ್ರೆ ಅದನ್ನೂ ಕೇಳಿಬಿಡಿ ಮೇಡಂ, ತೀರಿಸೋಣ," ಎಂದ ತಮ್ಮ.

"ರೀ, ಸುಮ್ನಿರ್ತೀರಾ?" ಎಂದಳು ಹೆಂಡತಿ.

ಮೇಡಂ ಸಾಲಾಗಿ ಹೇಳಿದರು: ನೀಲಗಿರಿ ಸೊಪ್ಪು ಕುದಿಸಿದ ನೀರಿನಲ್ಲಿ ಮೈ ಒರೆಸಬೇಕು. ಸಂಜೆಯ ಬೂಸಾದಲ್ಲಿ ಒಂದು ಚಮಚ ಬೆಳ್ಳುಳ್ಳಿ ಪುಡಿ ಬೆರೆಸಬೇಕು, ಆ ವಾಸನೆಗೆ ನೊಣ ದೂರ ಉಳಿಯುತ್ತದೆ. "ಒಂದೇ ಚಮಚ. ಸೊಪ್ಪು ಬೇರು ಅಂದ್ರೆ ಎಷ್ಟು ಕೊಟ್ರೂ ನಡೆಯುತ್ತೆ ಅನ್ಕೋಬೇಡಿ. ನಾಯಿ ಬೆಕ್ಕು ಇದಕ್ಕೆ ಬಾಯಿ ಹಾಕದ ಹಾಗೆ ನೋಡ್ಕೊಳ್ಳಿ, ಅವಕ್ಕೆ ಇದು ವಿಷ."

ವಿಷ ಎಂಬ ಮಾತು ಕೇಳಿದ್ದೇ ಅಕ್ಕನ ಕಣ್ಣು ಸಣ್ಣಗಾಯಿತು. ಪುಡಿಯ ಡಬ್ಬಿಯನ್ನು ಮೇವಿನ ಕೋಣೆಯ ಹಲಗೆಯ ಮೇಲೆ ಇಟ್ಟರು. ಹಾಕುವ ಕೆಲಸ ತಮ್ಮನದು ಎಂದಾಯಿತು. ಎಡವಟ್ಟು ಶುರುವಾದದ್ದು ಅಲ್ಲಿಂದ.

ತಮ್ಮನಿಗೆ ಆ ಚಮಚ ಕಂಡರೆ ನಗು ಬರುತ್ತಿತ್ತು. ಇಷ್ಟು ದೊಡ್ಡ ದೇಹಕ್ಕೆ ಇಷ್ಟೇ ಇಷ್ಟು ಪುಡಿ ಎಲ್ಲಿಗೆ ಸಾಕು ಎಂದು ಅವನು ಒಂದು ಹಿಡಿ ಹಾಕತೊಡಗಿದ. ಇವನು ಸೊಪ್ಪುಸದೆ ನಂಬದವನು, ತಾನು ಕರೆತಂದ ಮೇಡಮ್ಮಿನ ಮಾತು ಸುಳ್ಳಾಗಲೆಂದೇ ಪುಡಿ ಹಾಕದೆ ಬಿಡುತ್ತಾನೆ ಎಂದು ಹೆಂಡತಿಗೆ ಖಾತ್ರಿಯಿತ್ತು. ಅವನು ಅತ್ತ ಹೋದ ಮೇಲೆ ಅವಳೂ ಒಂದು ಹಿಡಿ ಹಾಕಿದಳು. ಗಂಡನಿಗೆ ಗೊತ್ತಾಗಬಾರದೆಂದು ಅಂಗಡಿಯಿಂದ ಪುಡಿ ತಂದು ಡಬ್ಬಿ ತುಂಬಿಸಿಡುತ್ತಿದ್ದಳು. ಇನ್ನು ಅಕ್ಕ. ತಮ್ಮನ ಮೈಗಳ್ಳತನವನ್ನು ಅವಳು ತೊಟ್ಟಿಲಿನಿಂದ ಬಲ್ಲವಳು. ದಿನಾ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದಳು. ಅದು ಅಕ್ಷಯಪಾತ್ರೆಯ ಹಾಗೆ ಯಾವತ್ತೂ ತುಂಬಿಯೇ ಇರುತ್ತಿತ್ತು. ಅಂದರೆ ಯಾರೂ ಹಾಕುತ್ತಿಲ್ಲ ಎಂದಾಯಿತಲ್ಲ! ತಾನೇ ಬೇರೆ ಪೊಟ್ಟಣ ತಂದು, ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬೂಸಾದ ಬಕೀಟಿನ ಮೇಲೆ ತನ್ನದೂ ಒಂದು ಹಿಡಿ ಉದುರಿಸಿದಳು.

ತುರಿಕೆ ನಿಂತಿತು. ಟೀಚರಮ್ಮನ ಹತ್ತಿರ ನೊಣ ಸುಳಿಯಲಿಲ್ಲ, ಮನುಷ್ಯರೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಮೂವರೂ ಒಳಗೊಳಗೇ ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಹಿಡಿಗಳು ಇನ್ನಷ್ಟು ದೊಡ್ಡದಾದವು, ಬೆಳಗಿನ ಮೇವಿಗೂ ಬಿದ್ದವು.

ಆಮೇಲೆ ಒಂದು ದಿನ ಟೀಚರಮ್ಮ ನಡುದಾರಿಯಲ್ಲೇ ನಿಂತುಬಿಟ್ಟಿತು. ಬೆನ್ನ ಮೇಲಿದ್ದ ಹುಡುಗಿಯನ್ನು ಇಳಿಸಿಕೊಂಡರೂ ಹೆಜ್ಜೆ ಎತ್ತಲಿಲ್ಲ. ತಲೆ ಜೋತು ಬಿದ್ದಿತ್ತು. ಒಸಡು ಸುಣ್ಣದ ಗೋಡೆಯಂತೆ ಬಿಳುಚಿತ್ತು. ಹುಲ್ಲಿನ ಮೇಲೆ ಹೊಯ್ದ ಮೂತ್ರ ಹಾಲಿಲ್ಲದ ಕಾಫಿಯ ಬಣ್ಣಕ್ಕಿತ್ತು.

ಡಾಕ್ಟರು ಬಂದು ರಕ್ತ ತೆಗೆದುಕೊಂಡು ಹೋದರು, ಮಾರನೆಯ ದಿನ ಮತ್ತೆ ಬಂದರು. "ರಕ್ತದ ಕಣ ಒಡೀತಾ ಇದೆ. ಈರುಳ್ಳಿ ಬೆಳ್ಳುಳ್ಳಿ ಅತಿಯಾದ್ರೆ ಹೀಗಾಗೋದುಂಟು. ಎಷ್ಟು ಕೊಡ್ತಿದ್ದೀರಿ?"

"ಒಂದು ಚಮಚ," ಎಂದರು ಮೂವರೂ ಒಂದೇ ಉಸಿರಿಗೆ. ಪ್ರತಿಯೊಬ್ಬರಿಗೂ ತಂತಮ್ಮ ಸುಳ್ಳು ಮಾತ್ರ ಗೊತ್ತಿದ್ದುದರಿಂದ ಉಳಿದಿಬ್ಬರು ನಿಜ ಹೇಳುತ್ತಿದ್ದಾರೆ ಎಂದೇ ಅನ್ನಿಸಿತು. ತಾವು ಹಾಕಿದ ಒಂದು ಹಿಡಿ ಹೆಚ್ಚೆಂದರೆ ಒಂದು ದೊಡ್ಡ ಚಮಚ, ಅಷ್ಟೇ ತಾನೇ.

"ಒಂದು ಚಮಚಕ್ಕೆ ಹೀಗಾಗಲ್ಲ. ಆದ್ರೂ ಪುಡಿ ನಿಲ್ಸಿ. ನಿಲ್ಸಿದ ಮೇಲೆ ಚೇತರಿಸ್ಕೊಂಡ್ರೆ ಪುಡೀದೇ ತಪ್ಪು. ಇಲ್ದಿದ್ರೆ ಬೇರೇನೋ ವಿಷ ಹೊಟ್ಟೆಗೆ ಹೋಗ್ತಿದೆ ಅಂತ."

ಡಬ್ಬಿಯನ್ನು ಪರೀಕ್ಷೆಗೆಂದು ಡಾಕ್ಟರೇ ಒಯ್ದರು. ಅವರ ಗಾಡಿ ಗೇಟು ದಾಟುವ ಮೊದಲೇ ಅನುಮಾನದ ಹಂಚಿಕೆ ಮುಗಿದಿತ್ತು. ಅಕ್ಕ ಕಷಾಯ ಮೇಡಮ್ಮಿಗೆ ಫೋನು ಮಾಡಿ, ಪುಡಿಗೆ ಏನು ಬೆರೆಸಿದ್ದೀರಿ ಎಂದು ಕೇಳಿದಳು. ಕಲಿಯಲು ಬರುವ ಮಕ್ಕಳ ತಾಯಂದಿರಿಗೂ ಆ ಹೆಂಗಸಿನಿಂದ ನಿಮ್ಮ ನಾಯಿ ಬೆಕ್ಕುಗಳನ್ನು ದೂರ ಇಡಿ ಎಂದು ಹೇಳಿಬಿಟ್ಟಳು. ನಾದಿನಿಯ ಸಂಶಯ ಡಾಕ್ಟರ ಸೂಜಿಯ ಮೇಲಿತ್ತು. ತಮ್ಮನಿಗೆ ಮೇಡಂ, ಡಾಕ್ಟರು ಇಬ್ಬರ ಮೇಲೂ ಇತ್ತು.

ಪುಡಿ ನಿಂತಿತು ಎಂಬುದು ಡಾಕ್ಟರ ತಿಳಿವಳಿಕೆ. ಆದರೆ ಟೀಚರಮ್ಮ ಬರೀ ಬೂಸಾ ಮುಟ್ಟಲಿಲ್ಲ. ಬೆಳ್ಳುಳ್ಳಿ ರುಚಿ ಹತ್ತಿದ ನಾಲಿಗೆ, ಪಾಪ, ತಿನ್ನಲಿ ಎಂದು ತಮ್ಮ ಡಬ್ಬಿಯಿಂದ ಮೊದಲೇ ತೆಗೆದಿಟ್ಟುಕೊಂಡಿದ್ದ ಪುಡಿಯನ್ನು ಉದುರಿಸಿದ. ಬೆಳ್ಳುಳ್ಳಿ ರಕ್ತ ಶುದ್ಧಿ ಮಾಡುತ್ತದೆ ಎಂದು ಎಲ್ಲೋ ಓದಿದ್ದ ನಾದಿನಿ ಉದುರಿಸಿದಳು. ಅಕ್ಕನಿಗೂ ಅದನ್ನೇ ಯಾರೋ ಹೇಳಿದ್ದರು. ಅವಳ ಸಿಟ್ಟೆಲ್ಲ ಮೇಡಮ್ಮಿನ ಪುಡಿಯ ಮೇಲೆ. ತನ್ನ ಜೇಬಿನ ಪೊಟ್ಟಣ ಅಂಗಡಿಯದು, ಶುದ್ಧವಾದದ್ದು.

ಕುದುರೆ ಇನ್ನಷ್ಟು ಇಳಿಯಿತು. ಡಾಕ್ಟರು ತಲೆ ಕೊಡವಿದರು. "ಡಬ್ಬೀಲಿ ಬೆಳ್ಳುಳ್ಳಿ ಬಿಟ್ರೆ ಬೇರೇನೂ ಇರ್ಲಿಲ್ಲ. ಅದನ್ನ ನಿಲ್ಸಿದ್ರೂ ಹೀಗೆ ಅಂದ್ರೆ ಇದು ಬೆಳ್ಳುಳ್ಳಿ ಅಲ್ಲ. ಏನು ಅಂತ ಗೊತ್ತಿಲ್ದೆ ನಾನಿಲ್ಲಿ ಕೈ ಹಾಕಕ್ಕಾಗಲ್ಲ. ನಾಳೆ ಲಾರಿಗೆ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳ್ಸಿ."

"ಅಷ್ಟು ದೂರ ತಡ್ಕೊಳ್ಳುತ್ತಾ ಡಾಕ್ಟ್ರೇ?" ಎಂದಳು ಅಕ್ಕ.

"ಸುಳ್ಳು ಹೇಳಲ್ಲ. ದಾರೀಲೇ ಹೋಗಿಬಿಡೋ ಸಂಭವ ಇದೆ."

ಆ ಸಂಜೆ ಮೇವಿನ ಹೊತ್ತಿಗೆ ಅಕ್ಕ ಜೀನುಗಳನ್ನಿಡುವ ಕೋಣೆಯಲ್ಲಿ ಅವಿತು ನಿಂತಳು. ಯಾರೋ ವಿಷ ಹಾಕುತ್ತಿದ್ದಾರೆ, ಯಾರೆಂದು ತನ್ನ ಕಣ್ಣಾರೆ ನೋಡಿಯೇ ಬಿಡಬೇಕು. ಬಾಗಿಲ ಸಂದಿಯಿಂದ ಟೀಚರಮ್ಮನ ಬಕೀಟು ಚೆನ್ನಾಗಿ ಕಾಣುತ್ತಿತ್ತು.

ಮೊದಲು ತಮ್ಮ ಬಂದ. ಬೂಸಾ ಸುರಿದ, ಹಿಂದೆ ಮುಂದೆ ನೋಡಿದ, ಜೇಬಿಗೆ ಕೈ ಹಾಕಿ ಏನೋ ಉದುರಿಸಿದ. ಒಡಹುಟ್ಟಿದವನು! ಅವನು ಅತ್ತ ತಿರುಗಿದ್ದೇ ತಡ, ಹುಲ್ಲಿನ ಒಟ್ಟಿಲಿನ ಹಿಂದಿನಿಂದ ನಾದಿನಿ ಬಂದಳು. ಅವಳೂ ಹಿಂದೆ ಮುಂದೆ ನೋಡಿದಳು, ಸೆರಗಿನ ಮರೆಯಿಂದ ಪೊಟ್ಟಣ ತೆಗೆದಳು, ಉದುರಿಸಿದಳು. ಗಂಡ ಹೆಂಡತಿ ಇಬ್ಬರೂ ಸೇರಿಕೊಂಡಿದ್ದಾರೆ! ಇಲ್ಲಿಯವರೆಗೆ ಅಕ್ಕನ ಯೋಚನೆ ಸರಾಗವಾಗಿ ಓಡಿತು. ಅಷ್ಟರಲ್ಲಿ ಗಾಳಿ ಇತ್ತ ಬೀಸಿ ಬೆಳ್ಳುಳ್ಳಿಯ ಘಾಟು ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ತನ್ನ ಬಲಗೈ ಎಲ್ಲಿದೆ ಎಂಬುದು ಅವಳ ಗಮನಕ್ಕೆ ಬಂತು. ಅದು ಜೇಬಿನೊಳಗೆ, ಹಿಡಿ ತುಂಬ ಪುಡಿ ಹಿಡಿದುಕೊಂಡು, ತನ್ನ ಸರದಿಗೆ ಕಾಯುತ್ತಿತ್ತು.

ಅವಳು ಓಡಿದಳು. ಟೀಚರಮ್ಮನ ತುಟಿ ಬೂಸಾಕ್ಕೆ ತಾಗುವಷ್ಟರಲ್ಲಿ ಬಕೀಟನ್ನು ಒದ್ದಳು. ಸದ್ದಿಗೆ ಇಬ್ಬರೂ ಓಡಿಬಂದರು.

"ಏನಕ್ಕಾ, ತಲೆಗಿಲೆ ಕೆಟ್ಟಿದೆಯಾ?"

"ಏನು ಹಾಕಿದೆಯೋ ಇದಕ್ಕೆ?"

"ನಾನೇನು ಹಾಕ್ಲಿ? ಬೂಸಾ."

"ನೀನೇನು ಹಾಕಿದೆಯಮ್ಮಾ?"

"ನಾನಾ? ನಾನು ಈಗ ತಾನೇ ಬಂದೆ ಅತ್ತಿಗೆ."

ಇಬ್ಬರ ಮುಖವೂ ಒರೆಸಿಟ್ಟ ತಟ್ಟೆಯ ಹಾಗಿತ್ತು. ಕಣ್ಣಾರೆ ನೋಡಿದೆ ಎಂದರೂ ಇವರು ಜಪ್ಪಯ್ಯ ಎನ್ನುವುದಿಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ತಾನಾದರೂ ಅವರ ಜಾಗದಲ್ಲಿ ಅದನ್ನೇ ಮಾಡುತ್ತಿದ್ದಳು. ಬೆಳಗಾದರೆ ಲಾರಿ ಬರುತ್ತದೆ. ಟೀಚರಮ್ಮ ಚೆಲ್ಲಿದ ಬೂಸಾದ ಕಡೆ ನಿಧಾನವಾಗಿ ಕತ್ತು ಚಾಚುತ್ತಿತ್ತು. ಅಕ್ಕ ಜೇಬಿನಿಂದ ಕೈ ತೆಗೆದು ಅವರ ಮುಂದೆ ಬಿಚ್ಚಿದಳು.

"ಇದು ನಂದು. ದಿನಾ ಎರಡು ಹೊತ್ತು ಹಾಕಿದೀನಿ. ಡಾಕ್ಟರು ಬೇಡ ಅಂದ ಮೇಲೂ ಹಾಕಿದೀನಿ. ಇನ್ನು ನಿಮ್ಮದು ಹೇಳಿ."

ತಮ್ಮ ತನ್ನ ಜೇಬು ತಿರುವಿ ಹಾಕಿದ. ನಾದಿನಿ ಪೊಟ್ಟಣ ತೆಗೆದಳು.

"ಲೇ, ನೀನೂ ಹಾಕ್ತಿದ್ಯಾ? ಅದಕ್ಕೇ ಆ ಡಬ್ಬಿ ಖಾಲಿ ಆಗ್ತಿರ್ಲಿಲ್ಲ! ನಾನು ಪುಡಿ ಹಾಳಾಗಿ ಉಬ್ಬಿಕೊಂಡಿದೆ ಅನ್ಕೊಂಡಿದ್ದೆ."

"ನೀವು ಹಾಕ್ತೀರಿ ಅಂತ ನಾನು ಹೇಗೆ ನಂಬ್ಲಿ? ಮೇಡಮ್ಮನ್ನ ಅಷ್ಟು ಆಡ್ಕೊಂಡ್ರಲ್ಲ."

"ಆಡ್ಕೊಂಡ್ರೇನು, ಹಾಕ್ದೆ ಬಿಡ್ತೀನಾ? ನೋಡು, ಒಂದು ಚಮಚ ಅಂದ್ರೆ ಒಂದು ಹಿಡಿ ಹಾಕಿದೀನಿ."

"ಜಗಳ ಆಮೇಲೆ ಆಡ್ಕೊಳ್ಳಿ. ಹಿಡಿ ಅಂದ್ರೆ ಎಷ್ಟು ತೋರ್ಸಿ," ಎಂದು ಅಕ್ಕ ಡಾಕ್ಟರಿಗೆ ಫೋನು ಹಚ್ಚಿದಳು.

ಎಲ್ಲ ಹೇಳಿ ಮುಗಿಸಿದ ಮೇಲೆ ಡಾಕ್ಟರು ಹಿಡಿಗಳ ಲೆಕ್ಕವನ್ನು ಇನ್ನೊಂದು ಸಲ ಹೇಳಿಸಿಕೊಂಡರು. ಕೊನೆಗೆ ಹೇಳಿದರು: "ಲಾರಿ ಬೇಡ. ಹಸಿ ಹುಲ್ಲು, ನೀರು, ನೆರಳು. ಬೆಳಗ್ಗೆ ನಾನೇ ಬರ್ತೀನಿ. ಅಲ್ಲೀವರೆಗೆ ದಯವಿಟ್ಟು ಯಾರೂ ಏನೂ ಕೊಡಬೇಡಿ. ಏನೂ ಅಂದ್ರೆ ಏನೂ."

ಕಷಾಯ ಮೇಡಮ್ಮಿನ ಮನೆಗೆ ಅಕ್ಕ ತಾನೇ ಹೋದಳು. ಮೇಡಂ ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡರು. ಒಳಗೆ ಬನ್ನಿ ಎನ್ನಲಿಲ್ಲ.

"ನಾನು ಚಮಚ ಅಂದಿದ್ದೆ."

"ಹೌದು."

"ಕುದುರೆಯ ಮನಸ್ಸಿಗೆ ಬೇಜಾರಿದೆಯಾ ಅಂತ ಕೇಳ್ದೆ. ನಿಮ್ಮ ಮೂವರನ್ನೂ ಅದೇ ಕೇಳ್ಬೇಕಿತ್ತು, ಬಿಟ್ಟೆ. ತಾಯಂದಿರಿಗೆ ಹೇಳಿದ್ರಲ್ಲ, ಅವರಿಗೆಲ್ಲ ನೀವೇ ಇನ್ನೊಂದು ಸಲ ಹೇಳಿ. ಒಬ್ಬರನ್ನೂ ಬಿಡಬೇಡಿ."

ಅಕ್ಕ ಹೇಳಿದಳು. ಒಬ್ಬೊಬ್ಬರಿಗೂ ಹಿಡಿಯ ಕತೆಯನ್ನು ಮೊದಲಿನಿಂದ ಹೇಳಬೇಕಾಯಿತು. ಅವರು ನಗುವುದನ್ನು ಕೇಳಿಕೊಂಡು ನಿಲ್ಲಬೇಕಾಯಿತು.

ಏನೂ ಕೊಡದಿರುವುದು ಆ ಮನೆಯವರಿಗೆ ಎಲ್ಲಕ್ಕಿಂತ ಕಷ್ಟದ ಪಥ್ಯ. ಒಬ್ಬರು ಲಾಯಕ್ಕೆ ಹೋದರೆ ಉಳಿದಿಬ್ಬರೂ ಹಿಂದೆಯೇ ಹೋಗುತ್ತಿದ್ದರು. ಕೊನೆಗೆ ಮೂವರೂ ಟೀಚರಮ್ಮನ ಎದುರಿಗೆ ಕುರ್ಚಿ ಹಾಕಿಕೊಂಡು, ಕೈಗಳನ್ನು ಎಲ್ಲರಿಗೂ ಕಾಣುವಂತೆ ಮಡಿಲಲ್ಲಿಟ್ಟುಕೊಂಡು ಕೂತರು. ಡಾಕ್ಟರು ಬಂದಾಗಲೆಲ್ಲ ತುಟಿ ಬಿಡಿಸಿ ಒಸಡು ನೋಡಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಟೀಚರಮ್ಮ ಕಾಲು ಅಗಲಿಸಿ ನಿಂತು ಧಾರಾಳವಾಗಿ ಮೂತ್ರ ಹೊಯ್ದಿತು. ಮೂವರೂ ಎದ್ದು, ಮೊಣಕಾಲೂರಿ ಹುಲ್ಲಿನ ಮೇಲೆ ಬಗ್ಗಿದರು. ಅದು ತಿಳಿ ಹಳದಿಯಾಗಿತ್ತು. ನಾದಿನಿ ಅತ್ತೇಬಿಟ್ಟಳು. ತಮ್ಮ ಕುದುರೆಯ ಕತ್ತು ತಬ್ಬಿಕೊಂಡ.

ಅಕ್ಕ ಮಾತ್ರ ಇನ್ನೂ ಬಗ್ಗಿಯೇ ಇದ್ದಳು.

"ತುಂಬಾ ತಿಳಿಯಾಗಿದೆ ಕಣೋ," ಎಂದಳು. "ನಿಜ ಹೇಳಿ, ಯಾರು ಏನು ಕೊಟ್ರಿ?"